ದೆವ್ವ ಬಂತು, ಟಾಕೀಸು ನಕ್ಕಿತು

ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲಲ್ಲಿ ಗೆಜ್ಜೆ. ಇಷ್ಟಾದರೆ ಸಿನಿಮಾದ ದೆವ್ವ ಸಿದ್ಧ. ಮುಖವಾಡದ ಅಂಚು ಕಂಡರೂ, ಬಾವಲಿಗೆ ಕಟ್ಟಿದ ದಾರ ಹೊಳೆದರೂ ಪ್ರೇಕ್ಷಕ ಎದ್ದು ಹೋಗುವುದಿಲ್ಲ. ಒಮ್ಮೆ ಬೆಚ್ಚುತ್ತಾನೆ, ಮರುಗಳಿಗೆ ನಗುತ್ತಾನೆ. ಅಗ್ಗದ ಭೂತದ ಚಿತ್ರಗಳಿಗೆ ದಶಕಗಳ ನಂತರವೂ ಅಭಿಮಾನಿಗಳಿರುವುದೇಕೆ?

ಉತ್ತರಕ್ಕೆ ಮೊದಲು ನಾಟಕ ಕಂಪನಿಗಳತ್ತ ನೋಡಬೇಕು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಗುಡಗೇರಿ, ನಟ ಗುಡಗೇರಿ ಬಸವರಾಜರಿಂದಾಗಿ ವೃತ್ತಿರಂಗಭೂಮಿಯಲ್ಲಿ ಹೆಸರಾದ ಊರು. ಪರದೆಯ ಮೇಲೆ ಬರೆದ ಅರಮನೆ, ಬಣ್ಣದ ಬೆಳಕಿನಲ್ಲಿ ಪ್ರತ್ಯಕ್ಷನಾಗುವ ದೇವರು ಈ ಸೀಮೆಯವರಿಗೆ ಹೊಸದಲ್ಲ. ಅಳುವ ದೃಶ್ಯ ಮುಗಿಯುತ್ತಲೇ ಹಾಸ್ಯದ ಜೋಡಿ ಬರುವುದು ಕಂಪನಿ ನಾಟಕದ ವಾಡಿಕೆ. ಸುಳ್ಳೆಂದು ತಿಳಿದೂ ಒಪ್ಪಿಕೊಳ್ಳುವುದು ಅಲ್ಲಿನ ಒಪ್ಪಂದ.

ಇದೇ ಒಪ್ಪಂದದ ಬಲದಿಂದ ಸಿನಿಮಾದಲ್ಲಿ ಗೆದ್ದವರು ಮುಂಬಯಿಯ ರಾಮ್‌ಸೆ ಸಹೋದರರು. 1970ರಲ್ಲಿ ಅವರ ಕುಟುಂಬ ತೆಗೆದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಭೀಕರ ಮುಖವಾಡ ತೊಟ್ಟು ಕಳವಿಗೆ ಬರುವ ದೃಶ್ಯ ಜನರಿಗೆ ಹಿಡಿಸಿದ್ದನ್ನು ಅವರು ಗಮನಿಸಿದರು. 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಬಂತು. ನಿರ್ದೇಶನ, ಛಾಯಾಗ್ರಹಣ, ಧ್ವನಿ ಎಲ್ಲವನ್ನೂ ಅಣ್ಣತಮ್ಮಂದಿರೇ ಹಂಚಿಕೊಂಡದ್ದರಿಂದ ಖರ್ಚು ಉಳಿಯಿತು. 1984ರ ‘ಪುರಾನಾ ಮಂದಿರ್’ನಲ್ಲಿ ಸಾಮ್ರಿ ಎಂಬ ಪಿಶಾಚಿ ಒಂದೆಡೆ ಹೆದರಿಸಿದರೆ, ಇನ್ನೊಂದೆಡೆ ಜಗದೀಪ್ ‘ಶೋಲೆ’ಯನ್ನು ಅಣಕಿಸಿ ನಗಿಸುತ್ತಾರೆ.

ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ನಿಜಕ್ಕೂ ಭಯ ಹುಟ್ಟಿಸಿತು. 1993ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಶ್!’ ಬೇರೆ ದಾರಿ ಹಿಡಿಯಿತು. ಸಿನಿಮಾ ಚಿತ್ರೀಕರಣವನ್ನೇ ಕಥೆಯಾಗಿಸಿ, ದೆವ್ವ ತಯಾರಾಗುವ ಅಡುಗೆಮನೆಗೇ ಪ್ರೇಕ್ಷಕನನ್ನು ಕರೆದೊಯ್ದಿತು. ಭಯದ ಜತೆಗೆ ನಗುವೂ ಅಲ್ಲಿತ್ತು.

ಈ ನಗುವನ್ನು ಹಗುರವಾಗಿ ಕಾಣುವಂತಿಲ್ಲ. ದೆವ್ವದ ಭಯಕ್ಕೆ ಬೆಲೆ ತೆತ್ತವರಲ್ಲಿ ಹೆಂಗಸರೇ ಬಹಳ. ‘ಮೈಮೇಲೆ ಬಂದಿದೆ’ ಎಂಬ ಮಾತಿಗೆ ಬೇವಿನ ಬರಲಿನ ಏಟು ತಿಂದವರುಂಟು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಅಪರಾಧವೆನ್ನುವ ಕಾಯ್ದೆಗೆ ಕರ್ನಾಟಕ ವಿಧಾನಮಂಡಲ ಒಪ್ಪಿಗೆ ನೀಡಿದ್ದು 2017ರಲ್ಲಿ. ಅದು ಜಾರಿಯಾದದ್ದು 2020ರ ಜನವರಿಯಲ್ಲಿ. ಹೆಣ್ಣನ್ನೇ ಮತ್ತೆ ಮತ್ತೆ ದೆವ್ವವಾಗಿಸಿದ ತಪ್ಪು ಈ ಚಿತ್ರಗಳದ್ದೂ ಹೌದು. ಆದರೂ ಅವು ತಮಗರಿವಿಲ್ಲದೆಯೇ ಒಂದು ಉಪಕಾರ ಮಾಡಿವೆ. ಭಯವನ್ನು ಕಟ್ಟುವವರು ಮನುಷ್ಯರೇ ಎಂಬುದನ್ನು ಮುಚ್ಚಿಡಲು ಅವುಗಳ ಬಳಿ ಹಣವಿರಲಿಲ್ಲ. ದಾರ ಕಣ್ಣಿಗೆ ಬಿದ್ದ ಮೇಲೆ ಬಾವಲಿಗೆ ಹೆದರುವುದು ಕಷ್ಟ.