ಮಾತ್ರೆ ಶುರು ಮಾಡುವುದು ಯಾವಾಗ?

ವೈದ್ಯರ ಬಳಿ ಔಷಧಿ ಇದೆ. ಎದುರಿಗೆ ಎಚ್‌ಐವಿ ಸೋಂಕು ತಗುಲಿದ ವ್ಯಕ್ತಿ ಕುಳಿತಿದ್ದಾನೆ. ಆದರೆ ಆತ ಗಟ್ಟಿಮುಟ್ಟಾಗಿದ್ದಾನೆ, ಜ್ವರವಿಲ್ಲ, ಕೆಮ್ಮಿಲ್ಲ. ಮಾತ್ರೆಯನ್ನು ಇಂದೇ ಕೊಡುವುದೋ, ಇನ್ನೆರಡು ವರ್ಷ ಕಾಯುವುದೋ? ಇಷ್ಟು ಸರಳವಾದ ಪ್ರಶ್ನೆಗೆ ಖಚಿತ ಉತ್ತರ ಸಿಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು ಎಂದರೆ ಆಶ್ಚರ್ಯವಾದೀತು.

1996ರ ಹೊತ್ತಿಗೆ ಮೂರು ಔಷಧಿಗಳನ್ನು ಒಟ್ಟಿಗೆ ನೀಡುವ ಚಿಕಿತ್ಸೆ ಬಂತು. ವೈರಸ್ಸನ್ನು ಆರಂಭದಲ್ಲೇ ಬಲವಾಗಿ ಹತ್ತಿಕ್ಕಬೇಕೆಂದು ಅಮೆರಿಕದ ವಿಜ್ಞಾನಿ ಡೇವಿಡ್ ಹೋ ಅದಕ್ಕೂ ಮೊದಲೇ, 1995ರಲ್ಲಿ, ವಾದಿಸಿದ್ದರು. ಅನೇಕ ವೈದ್ಯರು ಒಪ್ಪಿದರು ಕೂಡ. ಆದರೆ ಆಗಿನ ಮಾತ್ರೆಗಳು ಸುಲಭದವಲ್ಲ. ದಿನಕ್ಕೆ ಹಿಡಿಗಟ್ಟಲೆ, ಗಡಿಯಾರ ನೋಡಿ ನುಂಗಬೇಕು. ಕೆಲವರ ಕೆನ್ನೆ ಗುಳಿಬಿದ್ದವು, ಕೈಕಾಲು ಮರಗಟ್ಟಿದವು. ಹಾಗಾಗಿ ಅಭಿಪ್ರಾಯ ಮತ್ತೊಂದು ತುದಿಗೆ ವಾಲಿತು: ರಕ್ತದಲ್ಲಿನ ಸಿಡಿ4 ಎಂಬ ರಕ್ಷಕ ಕಣಗಳು ಕುಸಿಯುವ ತನಕ ಕಾಯೋಣ.

ಎರಡೂ ಕಡೆ ಘಟಾನುಘಟಿಗಳಿದ್ದರು. ಸರಿಯಾದ ಪುರಾವೆ ಮಾತ್ರ ಯಾರ ಬಳಿಯೂ ಇರಲಿಲ್ಲ. ಬೇಗ ಮಾತ್ರೆ ಶುರು ಮಾಡಿದವರು ಹೆಚ್ಚು ಕಾಲ ಬದುಕಿದರೆ ಅದು ಮಾತ್ರೆಯ ಗುಣವೋ, ಅವರು ಮೊದಲೇ ಅನುಕೂಲಸ್ಥರಾಗಿದ್ದು ಆಸ್ಪತ್ರೆಗೆ ತಪ್ಪದೆ ಬಂದುದರ ಫಲವೋ? ಹೇಳುವುದು ಕಷ್ಟ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರೆ ಮಾತ್ರ ಈ ಗೊಂದಲ ತೀರುತ್ತದೆ.

ಅಂಥ ದೊಡ್ಡ ಪ್ರಯೋಗ 'ಸ್ಮಾರ್ಟ್'. 33 ದೇಶಗಳ 5,472 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ನಿರಂತರ ಮಾತ್ರೆ. ಇನ್ನೊಂದಕ್ಕೆ ಸಿಡಿ4 250ಕ್ಕಿಂತ ಕೆಳಗಿಳಿದಾಗ ಮಾತ್ರ. ಬಿಡುವು ಕೊಟ್ಟರೆ ಅಡ್ಡಪರಿಣಾಮ ತಗ್ಗೀತೆಂಬ ಆಸೆ. 2006ರಲ್ಲಿ ಸಿಕ್ಕ ಫಲಿತಾಂಶ ತದ್ವಿರುದ್ಧ. ಬಿಡುವಿನ ಗುಂಪಿನಲ್ಲಿ 120 ಮಂದಿ ಏಡ್ಸ್ ಸಂಬಂಧಿ ಸೋಂಕಿಗೆ ಅಥವಾ ಸಾವಿಗೆ ಈಡಾದರೆ, ನಿರಂತರ ಗುಂಪಿನಲ್ಲಿ 47. ಮಾತ್ರೆಯ ತಪ್ಪೆಂದು ಶಂಕಿಸಿದ್ದ ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳೂ ಬಿಡುವು ಪಡೆದವರಲ್ಲೇ ಹೆಚ್ಚು!

2011ರಲ್ಲಿ ಇನ್ನೊಂದು ಪ್ರಯೋಗ ಹೊಸ ಬಾಗಿಲು ತೆರೆಯಿತು. ಒಬ್ಬರಿಗೆ ಮಾತ್ರ ಸೋಂಕಿದ್ದ 1,763 ಜೋಡಿಗಳ ಅಧ್ಯಯನವದು; ಚೆನ್ನೈ, ಪುಣೆಯವರೂ ಇದ್ದರು. ಸಂಗಾತಿಯಿಂದಲೇ ಹರಡಿದ್ದೆಂದು ಖಚಿತವಾದ 28 ಪ್ರಕರಣಗಳಲ್ಲಿ 27 ತಡವಾಗಿ ಮಾತ್ರೆ ಶುರು ಮಾಡುವ ಗುಂಪಿನವು. 2015ರಲ್ಲಿ 4,685 ಮಂದಿಯ 'ಸ್ಟಾರ್ಟ್' ಪ್ರಯೋಗ ಉಳಿದ ಅನುಮಾನವನ್ನೂ ನಿವಾರಿಸಿತು. ಆರೋಗ್ಯವಾಗಿರುವಾಗಲೇ ಆರಂಭಿಸಿದವರಿಗೆ ಲಾಭ ಸ್ಪಷ್ಟವಾಗಿತ್ತು.

ಕಾಯಲು ವಿಜ್ಞಾನವೊಂದೇ ಕಾರಣವಲ್ಲ, ದುಡ್ಡೂ ಕಾರಣ. ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ 10,000 ಡಾಲರ್ ಮೀರಿದ್ದ ಚಿಕಿತ್ಸೆಯನ್ನು 2001ರಲ್ಲಿ ಭಾರತದ ಸಿಪ್ಲಾ 350 ಡಾಲರಿಗೆ ನೀಡಲು ಮುಂದಾಯಿತು. 2004ರ ಏಪ್ರಿಲ್ 1ರಂದು, ಕರ್ನಾಟಕ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳ ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಮಾತ್ರೆ ಆರಂಭವಾಯಿತು. ಆದರೂ ಸಿಡಿ4 ಹೆಚ್ಚಿದ್ದವರ ಹೆಸರನ್ನು ಬೇರೊಂದು ದಾಖಲೆಯಲ್ಲಿ ಬರೆದು, ಕೆಲವು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಲಾಗುತ್ತಿತ್ತು. ಎಷ್ಟೋ ಜನ ಮತ್ತೆ ಬರಲೇ ಇಲ್ಲ. ಬಂದವರಲ್ಲಿ ಕೆಲವರು ಕ್ಷಯ ಹಿಡಿದ ಮೇಲೆ ಬಂದರು.

ಸಿಡಿ4 ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಮಾತ್ರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಭಾರತ 2017ರಲ್ಲಿ ಅದನ್ನೇ ನೀತಿಯಾಗಿಸಿತು.