ಮಂಗಳೂರು ಕಚೇರಿಗೆ ಸೇರಿದ್ದ ಐದು ದ್ವೀಪಗಳು

ಗಜೇಂದ್ರಗಡದ ಸಂಧಿಯನ್ನು ನನ್ನ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿದವರೇ. 1785ರಲ್ಲಿ ಟೀಪು ಸುಲ್ತಾನನ ಸೈನ್ಯ ನರಗುಂದದ ಕೋಟೆಯನ್ನು ವಶಪಡಿಸಿಕೊಂಡಿತು. ಮರಾಠರು ನಿಜಾಮನೊಡಗೂಡಿ ಯುದ್ಧಕ್ಕಿಳಿದರು. 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಗಿ ನರಗುಂದ, ಬಾದಾಮಿ, ಕಿತ್ತೂರು ಸೀಮೆಗಳು ಟೀಪುವಿನ ಕೈಬಿಟ್ಟವು. ನಾನು ಪಾಠವನ್ನು ಅಲ್ಲಿಗೇ ಮುಗಿಸುತ್ತಿದ್ದೆ. ಅದೇ ದಶಕದಲ್ಲಿ ಟೀಪುವಿಗೆ ಯುದ್ಧವಿಲ್ಲದೆಯೇ ಅರಬ್ಬೀ ಸಮುದ್ರದ ಐದು ದ್ವೀಪಗಳು ದೊರೆತವೆಂಬುದನ್ನು ಹೇಳಿರಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ – ಇವು ಅಮೀನಿದಿವಿ ದ್ವೀಪಗಳು. ಇಂದಿನ ಲಕ್ಷದ್ವೀಪದ ಉತ್ತರ ಭಾಗ. ಅಮೀನಿಯ ವಿಸ್ತಾರ 3 ಚದರ ಕಿಲೋಮೀಟರಿಗಿಂತ ಕಡಿಮೆ. ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯ ಹೊಲಗದ್ದೆ ಇದಕ್ಕಿಂತ ಹಿರಿದು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮೀನಿಯ ಜನ ಟೀಪುವಿನ ಮೊರೆಹೊಕ್ಕರು; ದ್ವೀಪಗಳು ಅವನಿಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸರ್ಕಾರ ಅವನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಅಂದಿನಿಂದ 1956ರವರೆಗೆ, ನೂರೈವತ್ತೇಳು ವರ್ಷ, ಈ ದ್ವೀಪವಾಸಿಗಳ ಸರ್ಕಾರವೆಂದರೆ ಸುಮಾರು 300 ಕಿಲೋಮೀಟರು ದೂರದ ಮಂಗಳೂರಿನ ಕಲೆಕ್ಟರ್ ಕಚೇರಿ.

ಸರ್ಕಾರ ಅಲ್ಲಿ ಮೊದಲು ನಡೆಸಿದ್ದು ಶಾಲೆಯನ್ನಲ್ಲ, ಆಸ್ಪತ್ರೆಯನ್ನೂ ಅಲ್ಲ, ವ್ಯಾಪಾರವನ್ನು. ದ್ವೀಪದಲ್ಲಿ ತೆಂಗು ಬಿಟ್ಟರೆ ಬೇರೆ ಬೆಳೆ ಇಲ್ಲವೆನ್ನಬೇಕು. ಹೆಂಗಸರು ಕಾಯಿಯ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ ಹುರಿ ಹೊಸೆಯುತ್ತಿದ್ದರು. ಆ ಹುರಿಯನ್ನು ಸರ್ಕಾರಕ್ಕೇ, ಸರ್ಕಾರ ಗೊತ್ತುಪಡಿಸಿದ ದರಕ್ಕೇ ಕೊಡಬೇಕು. ಬದಲಿಗೆ ಅಕ್ಕಿ ಪಡೆಯಬೇಕು. ಪೇಟೆಯಲ್ಲಿ ಹುರಿಯ ಬೆಲೆ ಏರಿದರೆ ಲಾಭ ಬೊಕ್ಕಸಕ್ಕೆ, ಹೊಸೆದವಳಿಗಲ್ಲ. ಭೂಕಂದಾಯದ ಬದಲು ಇದೇ ಕಂದಾಯ. ಹತ್ತಿ ಬೆಳೆದು ದರಕ್ಕಾಗಿ ಅಡತಿ ಅಂಗಡಿಯ ಮುಂದೆ ಕುಳಿತು ಬಲ್ಲ ನಮ್ಮ ರೋಣ, ನರಗುಂದದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೀನಿಯಲ್ಲಿ ಮೊನೆಗಾರನೆಂಬ ಅಧಿಕಾರಿಯಿದ್ದ. ಹುರಿಯ ಲೆಕ್ಕವೂ ಅವನದೇ, ಜಗಳಗಳ ತೀರ್ಪೂ ಅವನದೇ. ನ್ಯಾಯ ಹೇಳುವಾಗ ಪ್ರಮುಖ ಮನೆತನಗಳ ಹಿರಿಯರು ಜೊತೆಗಿರುತ್ತಿದ್ದರು. ಅದು ಬೇಕಾಗಿಯೂ ಇತ್ತೆನ್ನಿ. ಜನ ಇಸ್ಲಾಂ ಧರ್ಮದವರಾದರೂ ಆಸ್ತಿ ಬಹುಮಟ್ಟಿಗೆ ತಾಯಿಯ ವಂಶದಲ್ಲಿ ಹರಿಯುತ್ತಿತ್ತು. ಇಂಥ ತಂಟೆ ಹೊರಗಿನ ಕಾನೂನು ಪುಸ್ತಕದಿಂದ ಬಗೆಹರಿಯುವಂಥದ್ದಲ್ಲ. ಆದರೆ ಹುರಿ ಕೊಳ್ಳುವವನೇ ನ್ಯಾಯಾಧೀಶನೂ ಆದಾಗ, ಹುರಿಯ ವಿಷಯದಲ್ಲೇ ಅನ್ಯಾಯವಾದವನು ಯಾರಲ್ಲಿ ಹೇಳಿಕೊಳ್ಳಬೇಕು? ಮಂಗಳೂರಿಗೆ ಹೋಗಬೇಕಾದರೆ ಹಾಯಿದೋಣಿ. ಮಳೆಗಾಲದ ತಿಂಗಳುಗಳಲ್ಲಿ ಅದೂ ಇಲ್ಲ.

ಮೊದಲ ಸರ್ಕಾರಿ ಶಾಲೆ ಅಮೀನಿಯಲ್ಲಿ ತೆರೆದದ್ದು 1904ರಲ್ಲಿ. ಕಲೆಕ್ಟರರ ಆಡಳಿತ ಬಂದು ನೂರೈದು ವರ್ಷಗಳಾದ ಮೇಲೆ! ಮಾಸ್ತರಿಕೆ ಮಾಡಿದ ನನಗೆ ಈ ಇಸವಿಯನ್ನು ಸುಮ್ಮನೆ ಓದಿಕೊಂಡು ಹೋಗಲಾಗುವುದಿಲ್ಲ.

1956ರ ನವೆಂಬರ್ 1ನ್ನು ನಾವು ಏಕೀಕರಣದ ದಿನವೆಂದು ಆಚರಿಸುತ್ತೇವೆ. ಧಾರವಾಡ ಜಿಲ್ಲೆಯೊಡನೆ ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದದ್ದು ಅಂದೇ. ದಕ್ಷಿಣ ಕನ್ನಡವೂ ಅಂದೇ ಬಂತು, ಆದರೆ ಇಡಿಯಾಗಿ ಅಲ್ಲ. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅದರ ನೋವನ್ನು ನಾವು ಇಂದಿಗೂ ಮಾತನಾಡುತ್ತೇವೆ. ಅಮೀನಿದಿವಿ ಕೇಂದ್ರಾಡಳಿತಕ್ಕೆ ಹೋಯಿತು; ಅದನ್ನು ನೆನೆದವರು ಕಡಿಮೆ. ಅಲ್ಲಿಯ ಮಾತು ಮಲಯಾಳ, ಆದ್ದರಿಂದ ಅದು ನ್ಯಾಯವೇ ಎನ್ನಿ.

ಹೊಸ ಆಡಳಿತದ ಕಚೇರಿಯೂ ಮೊದಲು ದ್ವೀಪದಲ್ಲಿರಲಿಲ್ಲ, ಕೋಳಿಕ್ಕೋಡಿನಲ್ಲಿತ್ತು. 1964ರಲ್ಲಿ ಅದು ಕವರತ್ತಿಗೆ ಬಂತು. 1965ರಲ್ಲಿ ಸಿವಿಲ್ ನ್ಯಾಯಾಲಯಗಳ ನಿಯಮಾವಳಿಯಾಯಿತು. ಅಮೀನಿಗೆ ಮುನ್ಸಿಫ್ ನ್ಯಾಯಾಲಯ ಬಂದು, ಲೆಕ್ಕ ಬರೆಯುವವನೂ ತೀರ್ಪು ಹೇಳುವವನೂ ಕೊನೆಗೆ ಬೇರೆಬೇರೆಯಾದರು. ಕಚೇರಿ ಹತ್ತಿರ ಬರುವುದೆಂದರೆ ಏನೆಂದು ಗಜೇಂದ್ರಗಡದವರಿಗೂ ಗೊತ್ತು. 2018ರಲ್ಲಿ ತಾಲ್ಲೂಕಾಗುವವರೆಗೆ ತಾಲ್ಲೂಕು ಕಚೇರಿಯ ಪ್ರತಿ ಕಾಗದಕ್ಕೂ ಅವರು ರೋಣದ ದಾರಿ ಹಿಡಿಯಬೇಕಿತ್ತು. ನಡುವೆ ಸಮುದ್ರವಿರಲಿಲ್ಲ, ಅಷ್ಟೇ.

ಅಮೀನಿಯ ಮೇಲ್ಮನವಿ ಕವರತ್ತಿಗೆ ಹೋಗುತ್ತದೆ, ಅದರಾಚೆಗೆ ಎರ್ನಾಕುಲದ ಕೇರಳ ಉಚ್ಚ ನ್ಯಾಯಾಲಯಕ್ಕೆ. 2021ರ ಜೂನ್‌ನಲ್ಲಿ ಈ ಅಧಿಕಾರವನ್ನು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ವರ್ಗಾಯಿಸುವ ಪ್ರಸ್ತಾವವಿದೆಯೆಂದು ಪತ್ರಿಕೆಗಳಲ್ಲಿ ಸುದ್ದಿ ಬಂತು. ಅಂಥದ್ದೇನೂ ಇಲ್ಲವೆಂದು ಅಲ್ಲಿಯ ಕಲೆಕ್ಟರರು ಹೇಳಿದರು. ಹಳೆಯ ನಂಟು ಮರಳುತ್ತದೆಯೇ ಎಂದು ನನಗೆ ಒಂದು ಕ್ಷಣ ಹಿಗ್ಗಾದದ್ದು ನಿಜ. ಆಮೇಲೆ ಮಲಯಾಳದಲ್ಲಿ ಬರೆದ ಕಾಗದಪತ್ರಗಳ ಕಟ್ಟು ಹಿಡಿದು ಬೆಂಗಳೂರಿನ ನ್ಯಾಯಾಲಯದ ಜಗಲಿಯಲ್ಲಿ ನಿಂತ ಅಮೀನಿಯ ಮುದುಕನೊಬ್ಬ ಕಣ್ಣಿಗೆ ಕಟ್ಟಿದ.