ಗೋಡೆಯ ಕಾಫಿ ಮಿಷನ್ನು

ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಒಂದು ಪಂಚಾಯಿತಿ. ಮಗನಿಗೆ ಎಸ್ಪ್ರೆಸೊ ಬೇಕು, ನನಗೆ ಫಿಲ್ಟರ್ ಕಾಫಿ. ಎರಡಕ್ಕೂ ಒಂದೇ ಗ್ರೈಂಡರ್ ಸಾಕಾ ಅಂತ. ಅವನು ತೋರಿಸಿದ ಬೆಲೆ ನೋಡಿ ನನ್ನೊಳಗಿನ ಬ್ಯಾಂಕಿನವನು ಎದ್ದು ಕೂತ. ಸಾಲ ಮಂಜೂರು ಮಾಡುವ ಮುಂಚೆ ಹಳೇ ಲೆಕ್ಕ ನೋಡಬೇಕಲ್ಲ!

ಹಾಸನದ ನಮ್ಮ ಅಡಿಗೆಮನೆಯ ಗೋಡೆಗೆ ಎರಕದ ಕಬ್ಬಿಣದ ಕಾಫಿ ಮಿಷನ್ನು ಇತ್ತು. ಅಮ್ಮ ಬೀಜ ಹುರಿಯೋರು, ಹಿಡಿ ತಿರುಗಿಸೋ ಪಾಳಿ ನಮ್ಮದು. ಇಂಥ ಮಿಲ್ಲುಗಳನ್ನು ಫ್ರಾನ್ಸಿನ ಪೂಜೋ ಕಂಪನಿ 1840ರಲ್ಲೇ ಮಾಡುತ್ತಿತ್ತು (ಹೌದು, ಆಮೇಲೆ ಕಾರು ಮಾಡಿದ ಅದೇ ಪೂಜೋ). ನಮ್ಮ ಕಡೆಯ ಮನೆಗಳಿಗೆ ಬಂದದ್ದು ಲಂಡನ್ನಿನ ಸ್ಪಾಂಗ್ ಮಿಲ್ಲುಗಳು, ಆಮೇಲೆ ಅದೇ ನಮೂನೆಯವು.

ಮಿಷನ್ನು ಮೂಲೆ ಸೇರಿದ್ದು ಬೀದಿಗೊಂದು ಕಾಫಿಪುಡಿ ಅಂಗಡಿ ಬಂದಾಗ. ಕರೆಂಟಿನ ಮಿಲ್ಲಲ್ಲಿ ಕಣ್ಣೆದುರೇ ಬೀಸಿ ಬಿಸಿಬಿಸಿ ಪೊಟ್ಟಣ ಕೊಡುವಾಗ ತೋಳು ನೋಯಿಸಿಕೊಳ್ಳೋರು ಯಾರು? ಮತ್ತೆ ಬೀಜದ ಕಡೆ ಜನ ತಿರುಗಿದ್ದಕ್ಕೆ, ನನ್ನ ಲೆಕ್ಕದಲ್ಲಿ, 1996 ಕಾರಣ. 1942ರ ಕಾಯಿದೆಯಿಂದ ಬಂದ ಕಾಫಿ ಮಂಡಳಿಗೆ ಬೆಳೆಗಾರರು ತಮ್ಮ ಫಸಲನ್ನು ಒಪ್ಪಿಸಬೇಕಿತ್ತು, ಎಲ್ಲರ ಕಾಫಿಯೂ ಒಂದೇ ಪೂಲಿಗೆ. ಯಾವ ತೋಟದ್ದು ಅಂತ ಕುಡಿಯುವವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಈಗ ಚಿಕ್ಕಮಗಳೂರಿನ ತೋಟದ ಹೆಸರು, ಹುರಿದ ತಾರೀಖು ಎರಡೂ ಇರುವ ಬೀಜದ ಪೊಟ್ಟಣ ಹೈದರಾಬಾದಿನ ಬಾಗಿಲಿಗೇ ಬರುತ್ತೆ. ಬೀಜ ಬಂದರೆ ಬೀಸಲೇಬೇಕಲ್ಲ.

ಹಾಗಂತ ಮಿಕ್ಸಿಗೆ ಹಾಕಬೇಡಿ, ನಾನು ಹಾಕಿ ಕೆಟ್ಟೆ. ಬ್ಲೇಡು ಬೀಜವನ್ನು ಕೊಚ್ಚುತ್ತೆ: ಅರ್ಧ ನುಚ್ಚು, ಅರ್ಧ ಧೂಳು. ಧೂಳು ಫಿಲ್ಟರಿನ ತೂತು ಕಟ್ಟಿ ಡಿಕಾಕ್ಷನ್ ಇಳಿಯಲೇ ಇಲ್ಲ. ಎರಡು ಹಲ್ಲಿನ ಚಕ್ರಗಳ ಮಧ್ಯೆ ಅರೆಯುವ ಬರ್ ಗ್ರೈಂಡರೇ ಬೇಕು. ಅಮ್ಮನ ಮಿಷನ್ನೂ ಅದೇ ಜಾತಿ.

ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತಾನೇ ಹನಿಹನಿ ಇಳಿಯೋದು, ಹತ್ತು ಹದಿನೈದು ನಿಮಿಷ. ಪುಡಿ ಚಿರೋಟಿ ರವೆಯ ಹಾಗಿದ್ದರೆ ಸಾಕು, ಸ್ವಲ್ಪ ಹೆಚ್ಚುಕಮ್ಮಿಯಾದರೂ ಕಾಫಿ ಕ್ಷಮಿಸುತ್ತೆ. ಎಸ್ಪ್ರೆಸೊ ಕ್ಷಮಿಸೋದಿಲ್ಲ. ಮಿಲಾನಿನ ಬೆಝೆರಾ 1901ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು ಆವಿಯ ಒತ್ತಡದ ಯಂತ್ರಕ್ಕೆ. ಎರಡನೇ ಮಹಾಯುದ್ಧದ ನಂತರ ಗಾಜ್ಜಿಯಾ ಲಿವರ್ ತಂದು ಒತ್ತಡ ಏರಿಸಿದ. ಈಗಿನ ಲೆಕ್ಕ ಸುಮಾರು 9 ಬಾರ್, 25-30 ಸೆಕೆಂಡು. ಪುಡಿ ಒಂದೆಳೆ ತರಿಯಾದರೆ ನೀರು ಹಾಗೇ ಓಡುತ್ತೆ, ಒಂದೆಳೆ ನುಣುಪಾದರೆ ಯಂತ್ರವೇ ಉಸಿರು ಕಟ್ಟುತ್ತೆ. ದುಡ್ಡು ಕೊಡಬೇಕಾದ್ದು ಆ ಒಂದೆಳೆಗೆ. (ನಮ್ಮ ಮದುವೆಮನೆಗಳಲ್ಲಿ ಬುಸ್ ಅಂತ ನೊರೆ ಎಬ್ಬಿಸಿ ಕೊಡುತ್ತಿದ್ದ "ಎಸ್ಪ್ರೆಸೊ" ಹಾಲಿನದು, ಅದಕ್ಕೆ ಇನ್‌ಸ್ಟಂಟ್ ಪುಡಿ ಸಾಕಿತ್ತು!)

ಎಸ್ಪ್ರೆಸೊ ಗ್ರೈಂಡರನ್ನು ದಿನಾ ಫಿಲ್ಟರಿಗೆ ತಿರುಗಿಸಿದರೆ ಮಾರನೇ ದಿನ ಆ ಒಂದೆಳೆ ಮತ್ತೆ ಹುಡುಕಬೇಕು, ಹುಡುಕುವಷ್ಟು ಬೀಜ ದಂಡ. ಅದಕ್ಕೇ ತೀರ್ಪು ಹೀಗೆ: ದುಬಾರಿಯದು ಅವನ ಸಂಬಳದಲ್ಲಿ ಅವನಿಗೆ, ನನಗೊಂದು ಕೈಯಲ್ಲಿ ತಿರುಗಿಸೋದು. ಚಿಕೋರಿ ಬೀಸಿದ ಮೇಲೆ ಬೆರೆಸಿಕೊಳ್ಳುತ್ತೇನೆ.

ಹಾಸನದ ಮಿಷನ್ನನ್ನೇ ತರಿಸೋಣ ಅಂತ ತಮ್ಮನಿಗೆ ಫೋನ್ ಮಾಡಿದ್ದೆ. ಮನೆಗೆ ಸುಣ್ಣ ಹೊಡೆಸುವಾಗ ಕಿತ್ತು ಗುಜರಿಗೆ ಹಾಕಿದನಂತೆ, ಕೆ.ಜಿ. ಲೆಕ್ಕದಲ್ಲಿ.